ಹೆಂಗಸು ತೊಟ್ಟ ಜಾಕೆಟ್ಟು

ಹೋದ ವಾರ ಕೊಪ್ಪದ ಗ್ಯಾರೇಜಿನಲ್ಲಿ ಬೈಕನ್ನು ಸರ್ವೀಸಿಗೆ ಬಿಟ್ಟು ಬೆಂಚಿನ ಮೇಲೆ ಕೂತಿದ್ದೆ. ಶೃಂಗೇರಿಗೆ ಹೊರಟಿದ್ದ ದೂರದೂರಿನ ಸವಾರರೊಬ್ಬರು ಪಂಕ್ಚರ್ ಹಾಕಿಸಲು ಬಂದವರು, ತೊಟ್ಟಿದ್ದ ರೈಡಿಂಗ್ ಜಾಕೆಟ್ಟನ್ನು ಬಿಚ್ಚಿ ನನ್ನ ಪಕ್ಕದಲ್ಲೇ ಹಾಕಿ ಚಹಾ ಕುಡಿಯಲು ಹೋದರು. ಅದರಿಂದ ಒಂದು ವಾಸನೆ ಬಂತು. ಬಿಸಿಲಿಗೆ ಕಾದ ಸ್ಪಂಜು, ಒಣಗಿದ ಬೆವರು, ಎಲ್ಲೋ ಸ್ವಲ್ಪ ಪೆಟ್ರೋಲು. ಕೆಲವರಿಗೆ ವಾಸನೆಯಿಂದ ಅಜ್ಜಿ ನೆನಪಾಗುತ್ತಾರಂತೆ, ಶಾಲೆ ನೆನಪಾಗುತ್ತದಂತೆ. ನನಗೆ ಮಾತ್ರ ಸಿಟ್ಟು ಬಂತು. ಮೈ ಬಿಸಿಯಾಗುವಷ್ಟು ಸಿಟ್ಟು. ಚಹಾ ಮುಗಿಸಿ ಬಂದ ಅವರು ನನ್ನ ಮುಖ ನೋಡಿ, "ಸಾರಿ ಮೇಡಂ, ಜಾಗ ಇಲ್ಲ ಅಂತ ಇಲ್ಲಿ ಇಟ್ಟೆ" ಎಂದು ಜಾಕೆಟ್ಟನ್ನು ಅವಸರದಲ್ಲಿ ಎತ್ತಿಕೊಂಡರು. ಪಾಪ, ಅವರದೇನೂ ತಪ್ಪಿರಲಿಲ್ಲ. ಆ ಸಿಟ್ಟಿಗೆ ಆಗಲೇ ಹದಿನೈದು ವರ್ಷ ದಾಟಿತ್ತು.

ನಾನು ಸಿಟ್ಟಿನ ಹೆಂಗಸು ಎಂದು ನಮ್ಮ ಇಲಾಖೆಯಲ್ಲಿ ಹೆಸರಿದೆ. ಇಲಾಖೆ ಎಂದರೆ ದನದ ಆಸ್ಪತ್ರೆ. ನಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಪಶು ಪರೀಕ್ಷಕಿ. ಆದರೆ ಹಳ್ಳಿಗಳಲ್ಲಿ ನನ್ನನ್ನು ಕರೆಯುವುದು ಡಾಕ್ಟ್ರಮ್ಮ ಎಂದೇ. ಬೆದೆಗೆ ಬಂದ ಹಸುವಿಗೆ ಇಂಜೆಕ್ಷನ್ ಕೊಡುವುದು, ಎಂದರೆ ಹೋರಿಯಿಲ್ಲದೆ ಗಬ್ಬ ಕಟ್ಟಿಸುವುದು, ಮೂರು ತಿಂಗಳು ಬಿಟ್ಟು ಹೋಗಿ ಗಬ್ಬ ನಿಂತಿದೆಯೇ ಎಂದು ನೋಡುವುದು ನನ್ನ ಮುಖ್ಯ ಕೆಲಸ. ನೋಡುವುದು ಎಂಬುದು ಮರ್ಯಾದೆಯ ಮಾತು. ಉದ್ದ ಕೈಗವಸು ಹಾಕಿ ಹಸುವಿನೊಳಗೆ ಭುಜದವರೆಗೆ ಕೈ ತೂರಿಸಿ ತಡಕಬೇಕು. ಈ ಕೆಲಸ ಮಾಡುವವಳಿಗೆ ನಾಚಿಕೆ ಸಂಕೋಚಗಳು ಹೆಚ್ಚು ದಿನ ಉಳಿಯುವುದಿಲ್ಲ. ಉಳಿಯುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದ ಕಾಲ ಅದು. ನನಗೆ ಇಪ್ಪತ್ತೆಂಟು. ಕೊಪ್ಪದಲ್ಲಿ ಬಾಡಿಗೆ ರೂಮು, ಅಣ್ಣ ಮಾರಬೇಕೆಂದಿದ್ದ ಹಳೇ ಬೈಕು, ಹಿಂದಿನ ಸೀಟಿಗೆ ಕಟ್ಟಿದ, ಹೋರಿಯ ವೀರ್ಯ ಕೆಡದಂತೆ ತಣ್ಣಗಿಡುವ ನೈಟ್ರೋಜನ್ ಕ್ಯಾನು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಈ ಮೂರು ಊರುಗಳ ನಡುವೆ ಗೇರಿನ ಬೈಕು ಓಡಿಸುವ ಹೆಂಗಸು ಆಗ ಇನ್ನೊಬ್ಬಳಿದ್ದರೆ ನನಗಂತೂ ಕಾಣಲಿಲ್ಲ. ನನ್ನ ಎತ್ತರ ಐದಡಿಗೆ ಒಂದಿಂಚು ಕಡಿಮೆ. ಬೈಕು ನಿಲ್ಲಿಸಬೇಕಾದರೆ ಮೊದಲೇ ಒಂದು ಕಲ್ಲನ್ನೋ ದಿಣ್ಣೆಯನ್ನೋ ಹುಡುಕಿಕೊಂಡು ಕಾಲೂರಬೇಕಿತ್ತು. ಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತವರಿಗೆ ನಾನು ಕಾಲೂರುವ ದೃಶ್ಯ ದಿನವೂ ಬಿಟ್ಟಿ ಮನರಂಜನೆ.

ಒಮ್ಮೆ ಜಯಪುರದ ರಸ್ತೆಗೆ ಹೊಸದಾಗಿ ಸುರಿದ ಜಲ್ಲಿಯ ಮೇಲೆ ಜಾರಿ ಬಿದ್ದೆ. ಕ್ಯಾನಿಗೆ ಏನೂ ಆಗಲಿಲ್ಲ, ನನ್ನ ಬಲ ಮೊಣಕೈಯ ಚರ್ಮ ಹೋಯಿತು. ಮಾರನೆಯ ದಿನವೇ ಆ ಕೈಯನ್ನು ಹಸುವಿನೊಳಗೆ ಹಾಕಬೇಕಾಯಿತು. ಉರಿಗೆ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಹಸುವಿನ ಯಜಮಾನರು, "ಅಷ್ಟೊಂದು ಬೇಜಾರು ಮಾಡ್ಕೋಬೇಡಿ ಡಾಕ್ಟ್ರಮ್ಮ, ಗಬ್ಬ ನಿಲ್ದಿದ್ರೆ ಮುಂದಿನ ಸಲ ನಿಲ್ತದೆ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಅವತ್ತೇ ತೀರ್ಮಾನಿಸಿದೆ, ಮೊಣಕೈಗೂ ಭುಜಕ್ಕೂ ಗಟ್ಟಿ ಪ್ಯಾಡುಗಳಿರುವ, ಬೈಕ್ ಸವಾರರು ತೊಡುವ ಜಾಕೆಟ್ಟು ನನಗೂ ಬೇಕು ಎಂದು.

ಹೊಸದರ ಬೆಲೆ ಕೇಳಿ ಎದೆ ಒಡೆಯಿತು. ನಮ್ಮೂರಿನ ಅಂಗಡಿಗಳಲ್ಲಿ ಅಂಥದ್ದು ಸಿಗುತ್ತಲೂ ಇರಲಿಲ್ಲ. ದಾರಿ ತೋರಿಸಿದವರು ಹನೀಫಣ್ಣ. ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಸೈಬರ್ ಸೆಂಟರ್. ನಾಲ್ಕು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು. ನಮ್ಮ ಆಸ್ಪತ್ರೆಯ ವರದಿಗಳನ್ನೆಲ್ಲ ಟೈಪು ಮಾಡಿಸುವುದು ಅಲ್ಲೇ. ಹಳೇ ಸಾಮಾನು ಮಾರುವವರೂ ಕೊಳ್ಳುವವರೂ ಪುಕ್ಕಟೆ ಜಾಹೀರಾತು ಹಾಕುವ ವೆಬ್‌ಸೈಟುಗಳಿವೆ ಎಂದು ತೋರಿಸಿದರು. ಹೆಲ್ಮೆಟ್ಟು, ಬೂಟು, ಕೈಗವಸು, ಮಂಡಿಗೆ ಕಟ್ಟುವ ಪ್ಯಾಡು, ಏನೆಲ್ಲ! ಯಾರದೋ ಮೈಯ ಅಳತೆಗೆ ಪಳಗಿದ ವಸ್ತುಗಳು. ವಾರಕ್ಕೆರಡು ಸಲ ಹೋಗಿ, ಸಿನಿಮಾ ನೋಡುವವಳ ಹಾಗೆ ಅವನ್ನು ನೋಡುತ್ತಾ ಕೂತಿರುತ್ತಿದ್ದೆ.

ಕೊನೆಗೆ ಶಿವಮೊಗ್ಗದ ಒಬ್ಬರಿಂದ ಕಪ್ಪು ಜಾಕೆಟ್ಟೊಂದನ್ನು ಕೊಂಡೆ. ಮೇಲ್‌ನಲ್ಲಿ ಮಾತುಕತೆ. ನನ್ನ ಹೆಸರಿನ ಬದಲು ಬರೀ ಇನಿಶಿಯಲ್ ಇದ್ದದ್ದರಿಂದ ಅವರು ಸರ್ ಸರ್ ಎಂದೇ ಬರೆದರು. ಮರ್ಯಾದೆಯ ಮನುಷ್ಯ. ಜಿಪ್ಪು ಸ್ವಲ್ಪ ಬಿಗಿ, ಎಡಗಡೆ ಒಂದು ಹೊಲಿಗೆ ಬಿಟ್ಟಿದೆ ಎಂದು ಮೊದಲೇ ತಿಳಿಸಿದ್ದರು. ಬಸ್ಸಿನ ಕಂಡಕ್ಟರ ಕೈಯಲ್ಲಿ ಪಾರ್ಸೆಲ್ ಬಂತು. ರೂಮಿಗೆ ತಂದು ಹಾಕಿಕೊಂಡು ಕನ್ನಡಿಯಲ್ಲಿ ನೋಡಿದರೆ ಬೆರಳುಗಳೇ ಕಾಣಲಿಲ್ಲ, ಭುಜದ ಪ್ಯಾಡು ತೋಳಿಗಿಳಿದಿತ್ತು, ಮೊಣಕೈಯದು ಮಣಿಕಟ್ಟಿಗೆ ಬಂದಿತ್ತು. ಆದರೂ ಆರು ತಿಂಗಳು ಅದನ್ನೇ ತೊಟ್ಟೆ. ಮೊದಮೊದಲು ಹಸುಗಳು ಹೆದರಿ ಹಗ್ಗ ಜಗ್ಗಿದವು. ಕೊಟ್ಟಿಗೆಯ ಹೊರಗೆ ಬಿಚ್ಚಿಟ್ಟು ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಆಮೇಲೆ ಮೈಸೂರಿನದೊಂದು ಜಾಹೀರಾತು ಕಣ್ಣಿಗೆ ಬಿತ್ತು. ಸಣ್ಣ ಅಳತೆಯ ಜಾಕೆಟ್ಟು. ಕೊಳ್ಳಬೇಕಾದರೆ ನನ್ನದನ್ನು ಮಾರಬೇಕು. ಫೆಬ್ರವರಿಯ ಒಂದು ಮಧ್ಯಾಹ್ನ ಜಾಕೆಟ್ಟಿನ ಫೋಟೋ ತೆಗೆಸಿ ಹನೀಫಣ್ಣನ ಅಂಗಡಿಯಲ್ಲಿ ಜಾಹೀರಾತು ಬರೆಯಲು ಕೂತೆ. ಇಲ್ಲಿಂದ ನನ್ನ ಬುದ್ಧಿವಂತಿಕೆಯ ಕತೆ. ಸ್ಕೂಟರು ಮಾರುವವರು 'ಲೇಡಿ ಯೂಸ್ಡ್' ಎಂದು ಹಾಕುವುದನ್ನು ನೋಡಿದ್ದೆ. ಹೆಂಗಸು ಬಳಸಿದ ಗಾಡಿ, ಜೋಪಾನವಾಗಿದೆ ಎಂದು ಅದರರ್ಥ. ಅದಕ್ಕೆ ನಾಲ್ಕು ಕಾಸು ಹೆಚ್ಚೂ ಸಿಗುತ್ತದಂತೆ. ಸರಿ, ನಾನೂ ಹಾಗೇ ಬರೆದೆ. ಕೊಪ್ಪ, ಮಹಿಳಾ ಸವಾರೆ ತೊಟ್ಟದ್ದು, ಒಳ್ಳೇ ಸ್ಥಿತಿ. ಕೆಳಗೆ ನನ್ನ ಪೂರ್ತಿ ಹೆಸರು, ಮೊಬೈಲ್ ನಂಬರು.

ಹನೀಫಣ್ಣ ಓದಿ ತಲೆ ಕೆರೆದುಕೊಂಡರು. "ಮೇಡಂ, ನಂಬರ್ ನಮ್ಮಂಗಡೀದು ಹಾಕ್ಲಾ? ಯಾರಾದ್ರೂ ಕೇಳಿದ್ರೆ ನಾನೇ ನಿಮ್ಗೆ ಹೇಳ್ತೀನಿ."

"ಎಂತಕ್ಕೆ? ಜಾಕೆಟ್ ನಂದು, ನಂಬರೂ ನಂದೇ ಇರ್ಲಿ."

ಅವರು ಬಟನ್ ಒತ್ತಿದರು.

ಮೊದಲ ಕರೆ ಬಂದದ್ದು ಮಾರನೆಯ ದಿನ, ನನ್ನ ಬಲಗೈ ಪೂರ್ತಿ ಒಂದು ಜರ್ಸಿ ಹಸುವಿನೊಳಗೆ ಇದ್ದಾಗ. ಯಜಮಾನರು ಉಪಕಾರವಾಗಲಿ ಎಂದು ನನ್ನ ಫೋನೆತ್ತಿ, ನನಗೆ ಕೇಳಲೆಂದು ಸ್ಪೀಕರ್ ಹಾಕಿ ಹಿಡಿದರು. "ಹಲೋ, ಜಾಕೆಟ್ ಮೇಡಮ್ಮಾ? ಅದನ್ನ ನೀವೇ ಹಾಕ್ಕೊಳ್ತಿದ್ದದ್ದಾ? ನಿಮ್ ಸೈಜ್ ಎಷ್ಟು?" ಎಂದಿತು ಒಂದು ದನಿ. ಹಿಂದಿನಿಂದ ಇನ್ನಿಬ್ಬರು ನಕ್ಕದ್ದೂ ಕೇಳಿಸಿತು. ಯಜಮಾನರು ಕೆಂಡ ಮುಟ್ಟಿದವರಂತೆ ಫೋನನ್ನು ಹುಲ್ಲಿನ ಮೇಲೆ ಇಟ್ಟುಬಿಟ್ಟರು. ಆಮೇಲೆ ನನ್ನ ಮುಖ ನೋಡಲಿಲ್ಲ. ನೋಡದೇ ಇದ್ದದ್ದು ಅವರ ಒಳ್ಳೆಯತನ. ಆದರೆ ನನಗೆ, ನಾನೇ ಏನೋ ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಹಾಗಾಯಿತು.

ಮೂರು ದಿನ ಫೋನು ಸುಮ್ಮನಿರಲಿಲ್ಲ. ನಾಲ್ಕು ಜನ ನಿಜವಾಗಿ ಜಾಕೆಟ್ಟಿನ ವಿಚಾರ ಕೇಳಿದರೋ ಏನೋ. ಉಳಿದವರಿಗೆ ಜಾಕೆಟ್ಟು ಬೇಕಿರಲಿಲ್ಲ. ತೊಟ್ಟ ಫೋಟೋ ಇದೆಯಾ, ಮದುವೆ ಆಗಿದೆಯಾ, ಹಾಕ್ಕೊಂಡೇ ತಂದುಕೊಡ್ತೀರಾ. ಗುರುತಿಗೆಂದು ಆ ನಂಬರುಗಳನ್ನೆಲ್ಲ ಜಾಕೆಟ್ ಒಂದು, ಜಾಕೆಟ್ ಎರಡು ಎಂದು ಫೋನಿನಲ್ಲಿ ಉಳಿಸಿಕೊಳ್ಳುತ್ತಾ ಹೋದೆ. ಸರ್ಕಾರಿ ಕೆಲಸದವಳಲ್ಲವೇ, ಬೈಸಿಕೊಳ್ಳುವುದಕ್ಕೂ ಒಂದು ಪಟ್ಟಿ ಬೇಕು.

ಇವರಲ್ಲಿ ಜಾಕೆಟ್ ಒಂಬತ್ತು ಬೇರೆ ಥರ. ಅವನು ಕರೆ ಮಾಡಲೇ ಇಲ್ಲ. ಬರೀ ಮೆಸೇಜು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಮೊದಲನೆಯದು, ಜಾಕೆಟ್ ಇನ್ನೂ ಇದೆಯಾ. ಎರಡನೆಯದು, ಹಾಕಿಕೊಂಡು ತೋರಿಸ್ತೀರಾ. ಮೂರು ನಾಲ್ಕನೆಯವನ್ನು ನಾನು ಇಲ್ಲಿ ಬರೆಯಲಾರೆ. ನಿಮ್ಮ ಸಂಕೋಚಕ್ಕಲ್ಲ, ನನ್ನ ಕೈ ಅದನ್ನು ಬರೆಯಲು ಒಪ್ಪುವುದಿಲ್ಲ. ಐದನೆಯದರಲ್ಲಿ ಕೆಟ್ಟ ಮಾತು ಒಂದೂ ಇರಲಿಲ್ಲ. 'ಇವತ್ತಿನ ನೀಲಿ ಚೂಡಿದಾರ ಚೆನ್ನಾಗಿತ್ತು' ಎಂದಷ್ಟೇ ಇತ್ತು. ಅವತ್ತು ನಾನು ನೀಲಿ ಚೂಡಿದಾರವನ್ನೇ ಹಾಕಿದ್ದೆ.

ಅಲ್ಲಿಂದ ನನ್ನ ರಸ್ತೆಗಳು ಕೆಟ್ಟುಹೋದವು. ಕೈಯೆತ್ತಿ ನಮಸ್ಕಾರ ಮಾಡಿದವನು ಇವನೇ ಇರಬಹುದೇ? ಹಸುವಿನ ಮೂಗುದಾರ ಹಿಡಿದು ನಿಂತವನು? ಪೆಟ್ರೋಲ್ ಹಾಕಿದವನು? ವರ್ಷಗಟ್ಟಲೆ ಕಾಫಿ ಕೊಟ್ಟ ಮನೆಗಳ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಅನುಮಾನಿಸಿದೆ. ಅವರಲ್ಲಿ ಬಹಳ ಜನ ಒಳ್ಳೆಯವರು. ಆ ಅನುಮಾನಕ್ಕೆ ನನ್ನನ್ನು ತಳ್ಳಿದ್ದಕ್ಕೇ ಅವನ ಮೇಲೆ ನನಗೆ ಹೆಚ್ಚು ಸಿಟ್ಟು.

ಯಾರಿಗಾದರೂ ಹೇಳೋಣವೆಂದರೆ ಎಲ್ಲರದ್ದೂ ಒಂದೇ ಪ್ರಶ್ನೆ. ನಮ್ಮ ಡಾಕ್ಟರು, "ಅಲ್ಲಮ್ಮ, ನಂಬರ್ ಎಂತಕ್ಕೆ ಹಾಕಕ್ಕೆ ಹೋದೆ?" ಎಂದರು. ರೂಮಿನ ಓನರಮ್ಮ, "ನಂಬರ್ ಹಾಕೂದಾ ಮಾರಾಯ್ತಿ ಯಾರಾದ್ರೂ!" ಎಂದರು. ಫೋನಿನಲ್ಲಿ ಅಣ್ಣನೂ ಅದನ್ನೇ ಕೇಳಿದ. ಮೈಸೂರಿನ ಜಾಕೆಟ್ಟಿನ ಜಾಹೀರಾತಿನಲ್ಲಿದ್ದ ನಂಬರಿಗೆ ಮಾಡಿದರೆ ಗಂಡಸೊಬ್ಬ ಎತ್ತಿ, "ಜಾಕೆಟ್ ನಮ್ಮಕ್ಕಂದು, ಒಂದ್ನಿಮಿಷ" ಎಂದು ಫೋನು ಕೊಟ್ಟ. ಆಕೆ ಎಂದಳು, "ನಾನೂ ಒಂದ್ ದಿನ ನನ್ ನಂಬರ್ ಹಾಕಿದ್ದೆ ಕಣ್ರೀ. ಒಂದೇ ದಿನ." ನಮ್ಮೂರಿನಲ್ಲಿ ಆ ಪ್ರಶ್ನೆ ಕೇಳದವರು ಹನೀಫಣ್ಣ ಒಬ್ಬರೇ. ನಾನು ಹೇಳಿದ ಕೂಡಲೇ ಎದ್ದು ಹೋಗಿ ಜಾಹೀರಾತು ತೆಗೆದುಹಾಕಿದರು. "ಹಲ್ಕಟ್ ನನ್ಮಕ್ಳು" ಎಂದರು. ಅದಕ್ಕಿಂತ ದೊಡ್ಡ ಸಾಂತ್ವನದ ಮಾತನ್ನು ಆ ವಾರ ನಾನು ಕೇಳಲಿಲ್ಲ.

ಜಾಹೀರಾತು ಹೋದರೂ ಜಾಕೆಟ್ ಒಂಬತ್ತು ನಿಲ್ಲಲಿಲ್ಲ. ಮಾರ್ಚ್ ಕೊನೆಗೆ ತಿಂಗಳ ವರದಿ ಬರೆಯಲು ಇಂಜೆಕ್ಷನ್ ರಿಜಿಸ್ಟರು ತೆಗೆದುಕೊಂಡು ಕೂತಿದ್ದೆ. ಹಸುವಿನ ಗುರುತು, ಯಜಮಾನರ ಹೆಸರು, ಊರು, ಫೋನ್ ನಂಬರು, ಎಲ್ಲ ನನ್ನದೇ ಕೈಬರಹ. ಗಬ್ಬ ಪರೀಕ್ಷೆಗೆ ಬಂದ ಹಸುಗಳ ಸಾಲಿನ ಮೇಲೆ ಬೆರಳಿಟ್ಟು ಇಳಿಯುತ್ತಿದ್ದವಳು ಒಂದು ಕಡೆ ನಿಂತೆ. ಆ ಹೊತ್ತಿಗೆ ಜಾಕೆಟ್ ಒಂಬತ್ತರ ನಂಬರು ನನಗೆ ಬಾಯಿಪಾಠವಾಗಿತ್ತು. ಫೋನು ತೆಗೆದು ಒಂದೊಂದೇ ಅಂಕೆ ತಾಳೆ ನೋಡಿದೆ. ಅದೇ.

ಎನ್.ಆರ್. ಪುರದ ರಸ್ತೆಯಲ್ಲಿ ಅವರ ಮನೆ. ಕೆಂಪು ಹಸು. ಯಜಮಾನ ಸುಧಾಕರ. ರಸ್ತೆ ಬದಿಗೇ ಗೊಬ್ಬರ ಔಷಧಿ ಮಾರುವ ಅಂಗಡಿ, ದಿನವೂ ನಾನು ಅದರ ಮುಂದೆಯೇ ಹಾದುಹೋಗುತ್ತಿದ್ದೆ. ಹೋದ ಸಲ ಇಂಜೆಕ್ಷನ್ನಿಗೆ ಹೋದಾಗ ಅವನು ಮನೆಯಲ್ಲಿರಲಿಲ್ಲ. ನಂಬರು ಬರೆಸಿದ್ದು ಅವನ ಹೆಂಡತಿ ವಸುಮತಿ. ನನ್ನ ಪೆನ್ನು ಕಾಗದಕ್ಕೆ ತಾಗುವ ಮೊದಲೇ ಗಂಡನ ನಂಬರನ್ನು ತಡೆಯಿಲ್ಲದೆ ಹೇಳಿ, "ನಂಗೆ ಬೇರೆ ಯಾವ ನಂಬರೂ ನೆನಪಿರಲ್ಲ ನೋಡಿ, ಇದೊಂದೇ" ಎಂದು ನಕ್ಕಿದ್ದರು.

ಎರಡು ದಿನ ಏನೂ ಮಾಡಲಿಲ್ಲ. ಮೂರನೆಯ ದಿನ ಜಾಕೆಟ್ಟನ್ನು ಮಡಚಿ ಕ್ಯಾನಿನ ಮೇಲೆ ಕಟ್ಟಿದೆ. ಹನೀಫಣ್ಣ, "ನಾನೂ ಬರ್ತೀನಿ ಮೇಡಂ, ಅಂಗಡಿ ಒಂದ್ಗಂಟೆ ಮುಚ್ಚಿದ್ರೆ ಎಂತ ಆಗಲ್ಲ" ಎಂದರು. ಬೇಡ ಎಂದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಹೆಲ್ಮೆಟ್ಟಿನೊಳಗೆ ಜೋರಾಗಿ ಅಭ್ಯಾಸ ಮಾಡಿದೆ. ಒಳ್ಳೊಳ್ಳೆಯ ಬೈಗುಳಗಳು ಹೊಳೆದವು. ಮನೆ ತಲುಪುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ಸುಧಾಕರ ಜಗಲಿಯಲ್ಲೇ ಇದ್ದ. "ಬನ್ನಿ ಬನ್ನಿ ಡಾಕ್ಟ್ರಮ್ಮ. ಏ, ಡಾಕ್ಟ್ರಮ್ಮ ಬಂದ್ರು, ಬಿಸಿನೀರು ತಾ" ಎಂದು ಒಳಗೆ ಕೂಗಿದ. ಎಷ್ಟು ಸಲೀಸಾದ ದನಿ! ಅಳುಕಿನ ಒಂದು ಎಳೆಯೂ ಇಲ್ಲ. ನಾನು ಮೊದಲು ಹಸುವಿನ ಹತ್ತಿರ ಹೋದೆ. ಅದೇನು ಮಾಡಿತ್ತು ಪಾಪ? ಕೈಯಾಡಿಸಿ ನೋಡಿದೆ. ಗಬ್ಬ ನಿಂತಿತ್ತು. ಹೇಳಿದಾಗ ವಸುಮತಿ ಹಸುವಿನ ಕುತ್ತಿಗೆ ತಬ್ಬಿಕೊಂಡರು. ಅವರ ಅತ್ತೆ ಬಾಗಿಲಲ್ಲಿ ನಿಂತೇ ದೇವರಿಗೆ ಕೈಮುಗಿದರು.

ಕೈ ತೊಳೆದು ಜಗಲಿಗೆ ಬಂದು, ಫೋನು ತೆಗೆದು ಜಾಕೆಟ್ ಒಂಬತ್ತಕ್ಕೆ ಕರೆ ಮಾಡಿದೆ.

ಸುಧಾಕರನ ಅಂಗಿಯ ಜೇಬು ಹಾಡತೊಡಗಿತು. ತೆಗೆದು ನೋಡಿದ, ಕಟ್ ಮಾಡಿದ. ನಾನು ಮತ್ತೆ ಒತ್ತಿದೆ. ಮತ್ತೆ ಹಾಡು. ವಸುಮತಿ, "ತೆಗೀರಿ, ಯಾರೋ ಏನೋ ಅರ್ಜೆಂಟ್ ಇರ್ಬೇಕು" ಎಂದರು.

"ನಾನೇ ಮಾಡ್ತಿರೋದು" ಎಂದೆ. "ಜಾಕೆಟ್ ಬೇಕು ಅಂದಿದ್ರಲ್ಲ. ತಂದಿದೀನಿ."

ಅವನು ಫೋನನ್ನು ಜೇಬಿಗೆ ತುರುಕಿದ. "ಎಂತ ಜಾಕೆಟ್? ನಂಗೇನೂ ಗೊತ್ತಿಲ್ಲ. ಅಂಗಡೀಲಿ ನನ್ ಫೋನು ಯಾರ್ಯಾರೋ ತಗೊಳ್ತಿರ್ತಾರೆ..."

"ಎರಡು ತಿಂಗಳಿಂದ ದಿನಾ ತಗೊಳ್ತಾರಾ?"

ನನ್ನ ಫೋನನ್ನು ವಸುಮತಿಯ ಕೈಗೆ ಕೊಟ್ಟೆ. ಅವರು ಓದಿದರು. ಒಂದನ್ನು ಓದಿ ಮುಂದಿನದಕ್ಕೆ ಹೋದರು, ಅದರ ಮುಂದಿನದಕ್ಕೆ ಹೋದರು. ಅತ್ತೆಗೆ ವಿಷಯ ಅರ್ಥವಾಗಿರಬೇಕು. ನನ್ನ ಕಡೆ ತಿರುಗಿ, "ಹೆಂಗಸಾಗಿ ಊರಿಗೆಲ್ಲ ನಂಬರ್ ಹಂಚಿದ್ರೆ ಇನ್ನೆಂತ ಆಗ್ತದೆ?" ಎಂದರು.

ಮರೆತುಹೋಗಿದ್ದ ಮಾತುಗಳೆಲ್ಲ ಒಂದೇ ಸಲಕ್ಕೆ ಬಂದವು. "ಅಮ್ಮ, ನಾನು ಮಾರಕ್ಕಿಟ್ಟಿದ್ದು ಜಾಕೆಟ್ಟು! ಬರೀ ಜಾಕೆಟ್ಟು! ನಿಮ್ಮ ಮಗನ ಅಂಗಡಿ ಬೋರ್ಡಲ್ಲೂ ನಂಬರಿದೆ. ಅದಕ್ಕೆ ಯಾರಾದ್ರೂ ಹಿಂಗೆ ಕಳಿಸ್ತಾರಾ? ನಿಮ್ಮನೆ ಕೊಟ್ಟಿಗೆಗೆ ಬಂದು ಕೈ ಹಾಕಕ್ಕೆ ನಾನು ಬೇಕು, ರಸ್ತೆ ಮೇಲೆ ಹೋದ್ರೆ ಹಿಂಗಾ?" ಎಂದು ಕೂಗಿದೆ. ಇನ್ನೂ ಏನೇನೋ ಕೂಗಿದೆ. ಮೂಗು ಸೋರುತ್ತಿತ್ತು. ಹೆಲ್ಮೆಟ್ಟಿನೊಳಗೆ ಮಾಡಿದ ಅಭ್ಯಾಸದಲ್ಲಿ ನಾನು ಇದಕ್ಕಿಂತ ಗಂಭೀರವಾಗಿದ್ದೆ.

ವಸುಮತಿ ಫೋನು ವಾಪಸು ಕೊಟ್ಟರು. ಬಹಳ ಸಣ್ಣ ದನಿಯಲ್ಲಿ, "ಎಷ್ಟಕ್ಕೆ ಹಾಕಿದ್ರಿ ಜಾಕೆಟ್ಟಿಗೆ?" ಎಂದು ಕೇಳಿದರು. ಹೇಳಿದೆ. ಗಂಡನ ಕಡೆ ತಿರುಗಿ, "ಕೊಡಿ" ಎಂದರು.

"ಏ, ನಿಂಗೇನು ತಲೆ..."

"ಕೇಳಿದ್ದು ನೀವೇ ಅಲ್ವಾ? ಬೇಕಾ ಅಂತ ಅವರಾಗಿ ಬಂದು ಕೇಳಿರ್ಲಿಲ್ಲ. ಕೊಡಿ."

ಅವನು ಒಳಗೆ ಹೋಗಿ ದುಡ್ಡು ತಂದು ಜಗಲಿಯ ಮೇಲಿಟ್ಟ. ನನ್ನ ಕೈಗೆ ಕೊಡಲಿಲ್ಲ. ನಾನು ದುಡ್ಡು ತೆಗೆದುಕೊಂಡು, ಕ್ಯಾನಿನ ಮೇಲೆ ಕಟ್ಟಿದ್ದ ಜಾಕೆಟ್ಟನ್ನು ಬಿಚ್ಚಿ ತಂದು ಅಲ್ಲೇ ಇಟ್ಟೆ. ಅವನ ಅಳತೆಗೆ ಅದು ಸರಿಯಾಗಿಯೇ ಇದ್ದಿರಬೇಕು.

ಈ ಕತೆಯನ್ನು ಇಲ್ಲಿಗೆ ನಿಲ್ಲಿಸಿ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಿಲ್ಲಿಸದೆ ಮುಂದುವರಿಸಿದರೆ ಹೀಗಿದೆ. ಬೈಕು ಹತ್ತಿ ಕಿಕ್ ಹೊಡೆಯುವಾಗ ವಸುಮತಿ ಅಂಗಳದಾಚೆಯ ದಣಪೆ ಬಾಗಿಲವರೆಗೆ ಬಂದರು. ಅವರ ಕಣ್ಣು ಒಣಗಿತ್ತು. "ನೀವು ಬೈಕ್ ಹತ್ತಿ ಹೋಗ್ತೀರಿ. ಇವತ್ತು ರಾತ್ರಿ ಊಟಕ್ಕೆ ಅವರಿಗೆ ಬಡಿಸೂದು ನಾನು. ನಂದೇನಾದ್ರೂ ಯೋಚ್ನೆ ಮಾಡಿದ್ರಾ?" ಎಂದು ಕೇಳಿದರು. ಗೇರು ಹಾಕಿಕೊಂಡು ಹೊರಟುಬಿಟ್ಟೆ.

ಆಮೇಲೆ ಆ ಮನೆಯವರು ನನ್ನನ್ನು ಕರೆಯಲಿಲ್ಲ. ನಾನು ಒರಟು, ಬಾಯಿ ಸರಿಯಿಲ್ಲ ಎಂದು ನಮ್ಮ ಡಾಕ್ಟರಿಗೆ ಯಾರೋ ದೂರು ಕೊಟ್ಟರು. ಮೆಸೇಜು ಮಾತ್ರ ನಿಂತಿತು. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಅವರ ಮನೆ ಹಿತ್ತಲಿನ ತರಕಾರಿ ಮಡಿಗಳ ನಡುವೆ ಮಂಗಗಳನ್ನು ಹೆದರಿಸಲು ನಿಲ್ಲಿಸಿದ್ದ ಬೆರ್ಚಪ್ಪ ಕಾಣಿಸಿತು. ಹುಲ್ಲು ತುಂಬಿದ ಮೈಗೆ ನನ್ನ ಕಪ್ಪು ಜಾಕೆಟ್ಟು. ಭುಜದ ಪ್ಯಾಡು ಭುಜದ ಮೇಲೇ ಕೂತಿತ್ತು. ನನಗಿಂತ ಚೆನ್ನಾಗಿ ಒಪ್ಪಿತ್ತು ಅದಕ್ಕೆ. ಬೈಕು ನಿಲ್ಲಿಸಲು ಕಲ್ಲು ಸಿಗಲಿಲ್ಲವಾದ್ದರಿಂದ ನಕ್ಕುಕೊಂಡೇ ಮುಂದೆ ಹೋದೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಆಮೇಲೆ ಹತ್ತು ವರ್ಷ ನಾನು ಹಳೇ ಹೆಲ್ಮೆಟ್ಟು ಮಾರಿದೆ, ಬೂಟು ಮಾರಿದೆ, ಮಂಡಿ ಪ್ಯಾಡು ಮಾರಿದೆ. ಎಲ್ಲದಕ್ಕೂ ಹನೀಫಣ್ಣನ ಹೆಸರು, ಹನೀಫಣ್ಣನ ನಂಬರು. ಒಂದೂ ಕೆಟ್ಟ ಕರೆ ಬರಲಿಲ್ಲ. ವಸ್ತುಗಳು ಎರಡೇ ದಿನಕ್ಕೆ ಹೋದವು. ಇದರಷ್ಟು ಸಿಟ್ಟು ಬರಿಸುವ ಸಂಗತಿ ನನ್ನ ಬದುಕಿನಲ್ಲಿ ಬೇರೊಂದಿಲ್ಲ. ಒಬ್ಬನ ಜಗಲಿಯಲ್ಲಿ ನಿಂತು ಅಷ್ಟು ಕೂಗಿದವಳು, ನನ್ನದೇ ಬೂಟಿಗೆ ನನ್ನ ಹೆಸರು ಹಾಕಲಿಲ್ಲ.

ಗ್ಯಾರೇಜಿನಿಂದ ಬಂದ ಮೇಲೆ ನಾಲ್ಕು ದಿನ ವಸುಮತಿ ದಣಪೆಯ ಹತ್ತಿರ ಕೇಳಿದ ಮಾತೇ ತಲೆಯಲ್ಲಿ ಸುತ್ತಿತು. ಕ್ಷಮೆ ಕೇಳಬೇಕಾದವನು ಆರಾಮಾಗಿರುವಾಗ ನಾನು ಯಾಕೆ ಇದನ್ನು ಹೊರಬೇಕು ಎಂದು ಮತ್ತೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಿನ್ನೆ ಭಾನುವಾರ ಬೈಕು ತೆಗೆದುಕೊಂಡು ಆ ಮನೆಗೆ ಹೋದೆ.

ವಸುಮತಿ ಜಗಲಿಯಲ್ಲಿ ಹುರುಳಿ ಆರಿಸುತ್ತಾ ಕೂತಿದ್ದರು. ಕೂದಲು ಬೆಳ್ಳಗಾಗಿದೆ. ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ ಅವರಿಗೆ. ಪಕ್ಕದ ಕುರ್ಚಿಯಲ್ಲಿದ್ದ ಸುಧಾಕರ ನನ್ನನ್ನು ಕಂಡವನೇ ಎದ್ದು ಒಳಗೆ ನಡೆದ. ಬೆನ್ನು ಬಾಗಿದೆ. ನಾನು ಮೆಟ್ಟಿಲ ಮೇಲೆ ಕೂತು, "ಆವತ್ತು ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಡ್ಲಿಲ್ಲ. ನಿಮ್ಮ ಯೋಚ್ನೆ ನಾನು ಮಾಡಿರ್ಲಿಲ್ಲ. ಅದನ್ನ ಹೇಳಕ್ಕೆ ಬಂದೆ" ಎಂದೆ.

ಅವರು ಹುರುಳಿಯಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. "ನಿಮ್ ಮೇಲಿನ ಸಿಟ್ಟು ಆವತ್ತು ಸಂಜೆಗೇ ಹೋಯ್ತು ಮಾರಾಯ್ತಿ" ಎಂದರು. ಆಮೇಲೆ ಒಳಬಾಗಿಲ ಕಡೆ ಮುಖ ಮಾಡಿ, ದನಿ ಎತ್ತರಿಸಿ, "ಅವರ ಮೇಲಿಂದು ಇನ್ನೂ ಹೋಗಿಲ್ಲ" ಎಂದರು.

ಒಳಗೆ ಟಿವಿಯ ಸದ್ದು ಒಮ್ಮೆಲೇ ಜೋರಾಯಿತು.

"ಸಣ್ಣ ಮಾಡಿ ಅದನ್ನ" ಎಂದು ವಸುಮತಿ ಕೂಗಿದರು. "ಇಲ್ಲಿ ಮಾತಾಡ್ತಿದೀವಿ."

ಸದ್ದು ಇಳಿಯಿತು.